ಹದಿಮೂರು, ಹತ್ತು

ವೀಯರಾಯಿ ಅಂತ ನಮ್ಮೂರು. ಬರೆಯುವಾಗ
ಅದರೊಳಗೆ ಎರಡು ಸಲ ಬರುತ್ತದೆ ಎಡ್ಡ್ ಎಂಬ ಅಕ್ಷರ,
ಓದುವಾಗ ಒಮ್ಮೆಯೂ ಇಲ್ಲ.
ಬಾಯಿಗೆ ಬೇಡದ್ದು, ಕೈಗೆ ಬೇಕು.
ಬಿಟ್ಟು ಬರೆದವರ ಕಿವಿಯನ್ನು ಶಾಲೆಯಲ್ಲಿ
ಕೆಂಪಾಗುವವರೆಗೆ ಹಿಂಡುತ್ತಿದ್ದರು.

ಈಗ ಕ್ಲಾಕ್ಸ್‌ವೀಕಿನ ಬಂದರಿನೆದುರು, ಹೀಟರಿನ ಪಕ್ಕ,
ಒಂದು ಲೈಬ್ರರಿಯ ಒಂದು ಮೂಲೆ ನನ್ನದು.
ಪುಸ್ತಕದ್ದಲ್ಲ. ಯಾರೋ ಬರೆಯುವ ಪ್ರೋಗ್ರಾಮಿಗೆ
ಕಡತ ತೆರೆದುಕೊಡುವ ನಲವತ್ತು ಸಾಲು ಕೋಡು,
ಬಾಗಿಲು ಕಾಯುವ ಕೆಲಸ.
ವಿಂಡೋಸ್‌ನಿಂದ ಬಂದವರು, ಲಿನಕ್ಸ್‌ನಿಂದ ಬಂದವರು,
ಹಳೇ ಮ್ಯಾಕಿನಿಂದ ತಡವಾಗಿ ಬಂದ ಒಬ್ಬಿಬ್ಬರು,
ಎಲ್ಲರೂ ಬೂಟು ಬಿಚ್ಚಿ ಒಳಗೆ ಬರಬೇಕು.

ಜನವರಿಯಲ್ಲಿ ಮಾರ್ಜುನ್ ಬಂದಳು, ಎಂಬತ್ತೊಂದರ ಹೆಂಗಸು,
ಮೊಟ್ಟೆಯ ಡಬ್ಬಿಯಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು.
ತಮ್ಮ ಹಾನುಸ್ ಬರೆದಿಟ್ಟುಹೋದ ಹವೆಯ ಲೆಕ್ಕ,
ಮೂರು ಕಂಪ್ಯೂಟರು ಬದಲಾದರೂ ಒಂದೇ ಕಡತ.

ತೆರೆದೆ.
ಮೊದಲ ಆರು ವರ್ಷ ಒಂದೇ ಸಾಲು.
ಉಸಿರು ತೆಗೆಯದೆ ಗಾಳಿ ಮಳೆ ಗಾಳಿ ಮಂಜು ಗಾಳಿ
ಪರದೆಯ ಬಲದಂಚು ದಾಟಿ ಸಮುದ್ರಕ್ಕೆ ಬೀಳುತ್ತಿತ್ತು.
ಆಮೇಲಿನ ವರ್ಷಗಳಲ್ಲಿ ಪ್ರತಿ ಸಾಲಿನ ತುದಿಗೂ
ಟೊಪ್ಪಿಗೆ ಕಳಚಿ ಪಕ್ಕಕ್ಕಿಟ್ಟ ಒಂದು ಎಂ.
ಊರಿನ ಹೆಸರೋ, ಎಡ್ಡ್ ಇದ್ದ ಕಡೆಯೆಲ್ಲ
ತಲೆಯ ಮೇಲೆ ಅಲೆ ಹೊತ್ತ ಎ,
ಅದರ ಹೆಗಲಿಗೆ ಡಿಗ್ರಿಯ ಪುಟ್ಟ ಸೊನ್ನೆ.
"ಗಾಳಿ ಅಳೆದು ಸಾಲದೆ ಊರಿಗೇ
ಜ್ವರ ನೋಡಿದನೇನು ಇವನು?" ಎಂದಳು ಮಾರ್ಜುನ್.

ಎರಡು ಬೈಟಿನಲ್ಲಿ ಮಡಚಿಟ್ಟ ಒಂದಕ್ಷರವನ್ನು
ಎರಡಕ್ಷರವೆಂದು ಬಿಡಿಸಿದ್ದರು ಯಾರೋ.
ಸದ್ದಿಲ್ಲದ್ದೇ ಹೆಚ್ಚು ಗದ್ದಲ ಮಾಡುತ್ತದೆ.

ಬೈಟುಗಳ ಪಟ್ಟಿ ತೋರಿಸಿದೆ.
ಇಲ್ಲಿ ನೋಡು, ಹದಿಮೂರು, ಹತ್ತು. ಹದಿಮೂರು, ಹತ್ತು.
ಸಾಲು ಮುಗಿಯಿತೆನ್ನಲು ಹತ್ತೊಂದೇ ಸಾಕು.
ಹದಿಮೂರು ದಂಡ. ತೆಗೆದೇಬಿಡುತ್ತೇನೆ.

ಅವಳು ಕನ್ನಡಕ ಹಣೆಗೇರಿಸಿದಳು.
"ರೇಡಿಯೋ ಠಾಣೆಯಲ್ಲಿ ಹನ್ನೊಂದು ವರ್ಷ
ಟೆಲಿಪ್ರಿಂಟರಿಗೆ ಕೂತವಳು ನಾನು.
ಗಾಡಿ ಬಲತುದಿಯಿಂದ ಎಡಕ್ಕೆ ಮರಳಬೇಕಲ್ಲ,
ಕಬ್ಬಿಣದ ಗಾಡಿ, ಹೊತ್ತು ಬೇಡವೆ ಅದಕ್ಕೆ?
ಒಂದು ಗುಂಡಿ ಗಾಡಿ ಮರಳಲು, ಒಂದು ಕಾಗದ ಏರಲು.
ಕಾಗದ ಏರುವಷ್ಟರಲ್ಲಿ ಗಾಡಿ ಮನೆ ಮುಟ್ಟುತ್ತಿತ್ತು.
ಅವಸರ ಮಾಡಿದೆಯೋ, ಮುಂದಿನ ಸಾಲಿನ ಮೊದಲಕ್ಷರ
ನಡುದಾರಿಯಲ್ಲೆಲ್ಲೋ ಬೀಳುತ್ತಿತ್ತು.
ಹಡಗಿನ ಹೆಸರೊಂದು ಹಾಗೆ ಬಿದ್ದದ್ದುಂಟು.
ದಂಡ ಅಲ್ಲ ಕಣೇ ಅದು. ಕಾಯುವ ಹೊತ್ತು."

ಹೀಟರು ಟಿಕ್ಕೆಂದಿತು.

ಆ ರಾತ್ರಿ ಕೋಡು ತಿದ್ದಿದೆ.
ಓದುವಾಗ ಮೂರು ಬಗೆಯನ್ನೂ ಒಂದೆಂದೇ ಓದು,
ಮರಳಿ ಬರೆಯುವಾಗ ಅವರವರ ಬೂಟು ಅವರವರಿಗೆ.
ಹಣೆಗೆ ಕಾಣದ ಬೊಟ್ಟಿಟ್ಟು ಬಂದ ಕಡತಕ್ಕೆ
ಒಳಗೆ ಒರೆಸು, ಹೊರಡುವಾಗ ಮತ್ತೆ ಇಡು.
ಚಿತ್ರವನ್ನು ಪಠ್ಯವೆಂದು ತೆರೆದು
ಕಂಡ ಕಂಡ ಹತ್ತರ ಹಿಂದೆ ಹದಿಮೂರು ತುರುಕಬೇಡ
(ಯಾರದೋ ಮದುವೆಯ ಫೋಟೋ ಹಾಗೆ ಕೆಡಿಸಿದ್ದೇನೆ).
ಯಾವ ಲಿಪಿಸಂಕೇತವೆಂದು ತಿಳಿಯದಿದ್ದರೆ
ಊಹಿಸಬೇಡ, ಕೇಳು.

ಉಳಿದದ್ದು ಒಂದೇ ಎಚ್ಚರಿಕೆ:
ಕಡತದ ತುದಿಯಲ್ಲಿ ಹೊಸ ಸಾಲಿಲ್ಲ.
ಹಾನುಸ್ ಕೊನೆಗೆ ಬರೆದದ್ದು,
ಗಾಳಿ ವಾಯವ್ಯ, ಏಳು. ಮಂಜು. ದೋಣಿಗಳು
ಅಷ್ಟೇ. ಹದಿಮೂರೂ ಇಲ್ಲ, ಹತ್ತೂ ಇಲ್ಲ.
ನಮ್ಮ ಲೈಬ್ರರಿಗೊಂದು ಒಳ್ಳೆಯ ಬುದ್ಧಿಯಿತ್ತು,
ಅಂಥಲ್ಲಿ ಯಾರನ್ನೂ ಕೇಳದೆ ಒಂದು ಸೇರಿಸುವುದು.

ಫೋನು ಮಾಡಿದೆ. ಮಾರ್ಜುನ್ ನಕ್ಕಳು.
"ಕುರಿ ಕೂಗಿರಬೇಕು, ಎದ್ದಿರುತ್ತಾನೆ.
ಬಾಗಿಲು ಹಾಕಿ ಹೋಗುವ ಅಭ್ಯಾಸ ಎಂದೂ ಇರಲಿಲ್ಲ."
ಆಮೇಲೆ, ತುಸು ತಡೆದು,
"ನೀನೂ ಹಾಕಬೇಡ."

ಬದಲಾವಣೆಯ ಟಿಪ್ಪಣಿ ಚಿಕ್ಕದು:
ಕೊನೆಯ ಹೊಸ ಸಾಲು, ಇನ್ನು ಮೇಲೆ ಕೇಳಿದರೆ ಮಾತ್ರ.
ಬೆಳಿಗ್ಗೆ ಪೋರ್ಟೋದ ಜೊತೆಗಾರ ಕೇಳಿದ್ದ, ಕಾರಣ?
ಬೆರಳು ಕೀಲಿಗಳ ಮೇಲಿದೆ.
ಗಾಡಿ ಇನ್ನೂ ಮರಳುತ್ತಿದೆ.